ಅಮೋನಿಯಾದಿಂದ ಡೀಸೆಲ್ ಎಂಜಿನ್ ಓಡುತ್ತಾ? ಅದಕ್ಕೂ ಹೊಂಗೆ ಎಣ್ಣೆಗೂ ಏನು ಸಂಬಂಧ?

ಪ್ರಶ್ನೆ: ಸರ್, ನಮ್ಮದು ಮಧುಗಿರಿ ಹತ್ತಿರ ಒಂದು ಹಳ್ಳಿ. ಮನೇಲಿ ಟ್ರ್ಯಾಕ್ಟರ್ ಇದೆ, ಕರೆಂಟ್ ಕೈಕೊಟ್ಟಾಗ ಇರಲಿ ಅಂತ ಹಳೇ ಡೀಸೆಲ್ ಎಂಜಿನ್ನೂ ಇಟ್ಟುಕೊಂಡಿದ್ದೇವೆ. ಅಮೋನಿಯಾ ಹಾಕಿ ಡೀಸೆಲ್ ಎಂಜಿನ್ ಓಡಿಸ್ತಾರೆ, ಜೊತೆಗೆ ಬಯೋಡೀಸೆಲ್ ಬೇಕಾಗುತ್ತೆ ಅಂತ ಕೇಳಿದೆ. ಅಮೋನಿಯಾ ಅಂದ್ರೆ ಯೂರಿಯಾ ಗೊಬ್ಬರದಲ್ಲಿ ಇರೋದೇ ಅಲ್ವಾ? ಬದುವಿನ ಮೇಲೆ ಹತ್ತು ಹೊಂಗೆ ಮರಗಳೂ ಇವೆ. ನಾವೂ ಹಿಂಗೆ ಓಡಿಸಬಹುದಾ?

ಈ ಪ್ರಶ್ನೆಯನ್ನು ಬೇರೆ ಬೇರೆ ಮಾತಿನಲ್ಲಿ ಎಷ್ಟೋ ಜನ ಕೇಳಿದ್ದಾರೆ. ತುಮಕೂರಿನ ಎಂಜಿನಿಯರಿಂಗ್ ಹುಡುಗರು ಪ್ರಾಜೆಕ್ಟ್‌ಗೆ ಅಂತ ಕೇಳುತ್ತಾರೆ, ರೈತರು ಡೀಸೆಲ್ ಬಿಲ್ಲು ನೋಡಿ ಕೇಳುತ್ತಾರೆ. ಮೊದಲು ನೇರ ಉತ್ತರ ಹೇಳಿಬಿಡುತ್ತೇನೆ. ಹೊಂಗೆಯಿಂದ ಸರಿಯಾಗಿ ಮಾಡಿದ ಬಯೋಡೀಸೆಲ್ ಅನ್ನು ಡೀಸೆಲ್ ಜೊತೆ ಬೆರೆಸಿ ನಿಮ್ಮ ಎಂಜಿನ್‌ಗೆ ಹಾಕಬಹುದು. ಅಮೋನಿಯಾದಿಂದ ಎಂಜಿನ್ ಓಡೋದೂ ನಿಜ, ಆದರೆ ಅದನ್ನು ನಿಮ್ಮ ಶೆಡ್ಡಿನಲ್ಲಿ ಮಾಡುವ ಹಾಗಿಲ್ಲ. ಯೂರಿಯಾವನ್ನಂತೂ ಡೀಸೆಲ್ ಟ್ಯಾಂಕಿನ ಹತ್ತಿರಕ್ಕೂ ತರಬೇಡಿ. ಅದು ಉರಿಯಲ್ಲ, ಡೀಸೆಲ್‌ನಲ್ಲಿ ಕರಗೋದೂ ಇಲ್ಲ, ಹೋಗಿ ಫಿಲ್ಟರು, ಪಂಪು, ನಾಜಲ್ ಮೂರನ್ನೂ ಹಾಳು ಮಾಡುತ್ತೆ.

ಯಾಕೆ ಹೀಗೆ ಅಂತ ತಿಳಿಯೋಕೆ ಎಂಜಿನ್ ಒಳಗೆ ಸ್ವಲ್ಪ ಇಣುಕಬೇಕು.

ಡೀಸೆಲ್ ಎಂಜಿನ್‌ಗೆ ಸ್ಪಾರ್ಕ್ ಪ್ಲಗ್ ಇಲ್ಲ. ಬೈಕಿನಲ್ಲಿ ಕಿಡಿ ಹಾರಿ ಪೆಟ್ರೋಲ್ ಹತ್ತಿಕೊಳ್ಳುತ್ತೆ, ಡೀಸೆಲ್ ಎಂಜಿನ್‌ನಲ್ಲಿ ಬೆಂಕಿ ಹಚ್ಚೋದು ಗಾಳಿ. ಸೈಕಲ್ ಪಂಪಿನಲ್ಲಿ ಗಾಳಿ ಹೊಡೆದಿದ್ದೀರಲ್ಲ, ಹತ್ತಿಪ್ಪತ್ತು ಸಲ ಒತ್ತಿದ ಮೇಲೆ ಪಂಪಿನ ಬುಡ ಮುಟ್ಟಿದರೆ ಬೆಚ್ಚಗಿರುತ್ತೆ. ಎಂಜಿನ್‌ನಲ್ಲೂ ಅದೇ ನಡೆಯೋದು, ಆದರೆ ಒಂದೇ ಏಟಿಗೆ: ಪಿಸ್ಟನ್ ಮೇಲೆ ಬಂದಾಗ ಗಾಳಿ 16, 17ರಲ್ಲಿ ಒಂದು ಪಾಲಿನಷ್ಟು ಜಾಗಕ್ಕೆ ಅಮುಕಿಹೋಗಿ ಅದರ ಬಿಸಿ 500 ಡಿಗ್ರಿ ದಾಟಿರುತ್ತೆ, ಆ ಕ್ಷಣಕ್ಕೆ ಸರಿಯಾಗಿ ನಾಜಲ್ಲು ಡೀಸೆಲ್ ಅನ್ನು ಮಂಜಿನ ಹಾಗೆ ಸಿಂಪಡಿಸುತ್ತೆ. ಡೀಸೆಲ್‌ಗೆ ತಾನಾಗಿ ಹತ್ತಿಕೊಳ್ಳೋಕೆ 220 ಡಿಗ್ರಿ ಆಸುಪಾಸು ಸಾಕು. ಹಾಗಾಗಿ ಸಿಂಪಡಿಸಿದ ಕೂಡಲೇ ಭಗ್ ಅನ್ನುತ್ತೆ.

ಅಮೋನಿಯಾ ಇಷ್ಟು ಸುಲಭಕ್ಕೆ ಬಗ್ಗಲ್ಲ. ಅದು ತಾನಾಗಿ ಹತ್ತಿಕೊಳ್ಳೋಕೆ ಸುಮಾರು 650 ಡಿಗ್ರಿ ಬೇಕು. ದ್ರವದಿಂದ ಆವಿಯಾಗುವಾಗ ಸುತ್ತಲಿನ ಬಿಸಿಯನ್ನೂ ಎಳೆದುಕೊಂಡು ತಣ್ಣಗೆ ಮಾಡಿಬಿಡುತ್ತೆ, ಐಸ್ ಫ್ಯಾಕ್ಟರಿಗಳಲ್ಲಿ ಅದನ್ನು ಬಳಸೋದೇ ಆ ಗುಣಕ್ಕೆ. ಹೇಗೋ ಹತ್ತಿಕೊಂಡರೂ ಬೆಂಕಿ ನಿಧಾನ. ಪೆಟ್ರೋಲ್ ಆವಿಯಲ್ಲಿ ಬೆಂಕಿ ಸೆಕೆಂಡಿಗೆ ಸುಮಾರು 40 ಸೆಂಟಿಮೀಟರ್ ಹರಡಿದರೆ ಅಮೋನಿಯಾದಲ್ಲಿ 7 ಸೆಂಟಿಮೀಟರ್ ಅಷ್ಟೇ. ನಿಮ್ಮ ಎಂಜಿನ್ ನಿಮಿಷಕ್ಕೆ 1500 ಸುತ್ತು ತಿರುಗಿದರೆ ಪಿಸ್ಟನ್ ಮೇಲಿಂದ ಕೆಳಕ್ಕೆ ಬರೋಕೆ ಸೆಕೆಂಡಿನ 50ರಲ್ಲಿ ಒಂದು ಭಾಗ ಸಾಕು. ಅಷ್ಟರೊಳಗೆ ಉರಿದು ಮುಗಿಯಬೇಕು, ಇಲ್ಲದಿದ್ದರೆ ಸೈಲೆನ್ಸರ್ ಪಾಲು. ಬರೀ ಅಮೋನಿಯಾವನ್ನು ಅಮುಕಿಯೇ ಹೊತ್ತಿಸಬೇಕು ಅಂದರೆ ಗಾಳಿಯನ್ನು 35ರಲ್ಲಿ ಒಂದು ಪಾಲಿಗೆ ಒತ್ತಬೇಕಾಗುತ್ತೆ ಅಂತ ಹಳೆಯ ಪ್ರಯೋಗಗಳು ಹೇಳುತ್ತವೆ. ಅಂಥ ಒತ್ತಡ ತಡೆಯೋಕೆ ನಮ್ಮ ಸಾಮಾನ್ಯ ಎಂಜಿನ್‌ಗಳ ಹೆಡ್ಡು, ಬೇರಿಂಗು ಯಾವುದೂ ಲಾಯಕ್ಕಿಲ್ಲ.

ಇಲ್ಲೇ ಬಯೋಡೀಸೆಲ್ ಕೆಲಸ ಶುರುವಾಗೋದು. ಹಂಡೆ ಒಲೆ ಹಚ್ಚಿದವರಿಗೆ ಇದು ಹೇಳದೆಯೇ ಅರ್ಥವಾಗುತ್ತೆ. ಮಳೆಗಾಲದಲ್ಲಿ ಜಾಲಿ ಸೌದೆ ಹಸಿಯಾಗಿದ್ದರೆ ಕಡ್ಡಿ ಗೀರಿ ಇಟ್ಟರೆ ಹತ್ತಲ್ಲ. ಕೆಳಗೆ ಒಣಗಿದ ತೆಂಗಿನ ಗರಿ ಇಟ್ಟು ಹಚ್ಚಬೇಕು. ಗರಿ ಧಗಧಗ ಉರಿದು ಸೌದೆಯನ್ನು ಸುತ್ತುವರಿದ ಮೇಲೆ ಆ ಹಸಿ ಸೌದೆಯೂ ಉರಿಯೋಕೆ ಒಪ್ಪುತ್ತೆ. ಎಂಜಿನ್‌ನಲ್ಲಿ ಅಮೋನಿಯಾ ಹಸಿ ಸೌದೆ, ಬಯೋಡೀಸೆಲ್ ಒಣಗಿದ ಗರಿ. ಗಾಳಿ ಒಳಗೆ ಹೋಗುವ ದಾರಿಯಲ್ಲೇ ಅಮೋನಿಯಾ ಅನಿಲವನ್ನು ಬೆರೆಸಿ ಬಿಡುತ್ತಾರೆ. ಪಿಸ್ಟನ್ ಮೇಲೆ ಬಂದಾಗ ಮಾಮೂಲಿ ನಾಜಲ್‌ನಿಂದ ಬಯೋಡೀಸೆಲ್ ಸಿಂಪಡಿಸುತ್ತಾರೆ. ಅದು ಒಂದೇ ಸಲ ಹತ್ತಾರು ಕಡೆ ಹೊತ್ತಿಕೊಂಡು, ಆ ಬೆಂಕಿ ಸುತ್ತಲಿನ ಅಮೋನಿಯಾಕ್ಕೆ ತಗಲುತ್ತೆ. ಬರೀ ಡೀಸೆಲ್‌ನಿಂದಲೂ ಈ ಕೆಲಸ ಆಗುತ್ತೆ. ಆದರೆ ಬಯೋಡೀಸೆಲ್‌ನ ತೂಕದಲ್ಲಿ ಸುಮಾರು 11 ಪರ್ಸೆಂಟ್ ಆಕ್ಸಿಜನ್ ಅದರೊಳಗೇ ಇರುತ್ತೆ, ಹೊತ್ತಿಕೊಳ್ಳುವ ಗುಣ ಡೀಸೆಲ್‌ಗೆ ಸರಿಸಮ ಅಥವಾ ಒಂದು ಕೈ ಮೇಲೆ, ಹೊಗೆ ಮಸಿಯೂ ಕಡಿಮೆ. ಅದರಲ್ಲಿರುವ ಹೆಚ್ಚಿನ ಇಂಗಾಲ ಮರ ಗಾಳಿಯಿಂದ ಹೀರಿಕೊಂಡಿದ್ದು, ನೆಲದಡಿಯಿಂದ ತೋಡಿದ್ದಲ್ಲ. ಅಮೋನಿಯಾದಲ್ಲಂತೂ ಇಂಗಾಲವೇ ಇಲ್ಲ. ಒಂದು ನೈಟ್ರೋಜನ್, ಮೂರು ಹೈಡ್ರೋಜನ್, ಅಷ್ಟೇ. ಪೂರ್ತಿ ಉರಿದರೆ ಉಳಿಯೋದು ನೀರಾವಿ ಮತ್ತು ನೈಟ್ರೋಜನ್.

ಅಮೆರಿಕದ ಅಯೋವಾ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ 2008ರ ಹೊತ್ತಿಗೆ ಮಾಮೂಲಿ ಡೀಸೆಲ್ ಎಂಜಿನ್‌ನಲ್ಲಿ ಹೀಗೆ ಮಾಡಿ ನೋಡಿದರು. ಬೇಕಾದ ಶಕ್ತಿಯ 95 ಪರ್ಸೆಂಟ್‌ವರೆಗೂ ಅಮೋನಿಯಾದಿಂದ ತೆಗೆಯೋಕೆ ಆಯಿತು, ಆದರೆ ಇಂಧನ ದಂಡವಾಗದೆ ಓಡಿದ್ದು ಅಮೋನಿಯಾ ಪಾಲು 40ರಿಂದ 60 ಪರ್ಸೆಂಟ್ ಇದ್ದಾಗ. ಅಯೋವಾದವರಿಗೆ ಈ ಯೋಚನೆ ಬಂದಿದ್ದರಲ್ಲಿ ಆಶ್ಚರ್ಯವಿಲ್ಲ. ಅಲ್ಲಿ ಮೆಕ್ಕೆಜೋಳದ ಹೊಲಗಳಿಗೆ ಅಮೋನಿಯಾವನ್ನೇ ನೇರವಾಗಿ ಮಣ್ಣಿನೊಳಗೆ ಊಡಿಸುತ್ತಾರೆ, ರೈತರು ಟ್ರ್ಯಾಕ್ಟರ್ ಹಿಂದೆ ಅಮೋನಿಯಾ ಟ್ಯಾಂಕ್ ಎಳೆದುಕೊಂಡೇ ಹೋಗುತ್ತಾರೆ. ನಮಗೆ ಬರೋದು ಚೀಲದ ಯೂರಿಯಾ. ಅಮೋನಿಯಾ ಜೊತೆ ಕಾರ್ಬನ್ ಡೈಆಕ್ಸೈಡ್ ಸೇರಿಸಿ ಗಟ್ಟಿ ಮಾಡಿದ್ದು ಅದು. ಹೆಸರಿಗೆ ನೆಂಟಸ್ತನ ಇದೆ, ಎಂಜಿನ್‌ಗೆ ಉಪಯೋಗವಿಲ್ಲ.

ಇನ್ನು ಹೊಂಗೆ ವಿಷಯಕ್ಕೆ ಬರ್ತೀನಿ. ಇದು ನನಗೆ ತುಂಬ ಹತ್ತಿರದ್ದು.

1900ರ ಪ್ಯಾರಿಸ್ ವಸ್ತುಪ್ರದರ್ಶನದಲ್ಲಿ ಒಂದು ಚಿಕ್ಕ ಡೀಸೆಲ್ ಎಂಜಿನ್ ಅನ್ನು ಕಡಲೆಕಾಯಿ ಎಣ್ಣೆಯಲ್ಲಿ ಓಡಿಸಿ ತೋರಿಸಿದ್ದರು. ಕಡಲೆಕಾಯಿ ಬೆಳೆಯುವ ಪಾವಗಡ, ಶಿರಾ ಕಡೆಯವರು ಕೇಳಿದರೆ ಖುಷಿಪಡುತ್ತಾರೆ. ಆದರೆ ತಿನ್ನುವ ಎಣ್ಣೆಯನ್ನು ಎಂಜಿನ್‌ಗೆ ಸುರಿಯೋದು ನನಗೆ ಸರಿ ಕಾಣಲ್ಲ. ಹೊಂಗೆಗೆ ಆ ತೊಂದರೆ ಇಲ್ಲ, ಅದನ್ನು ಮನುಷ್ಯರೂ ತಿನ್ನಲ್ಲ, ದನವೂ ಮೂಸಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾಗಿದ್ದ ಉಡುಪಿ ಶ್ರೀನಿವಾಸ ಅವರು ಹೊಂಗೆ ಎಣ್ಣೆಯಿಂದ ಹಳ್ಳಿಗಳಲ್ಲಿ ಜನರೇಟರ್ ಓಡಿಸಿ ತೋರಿಸಿದರು. ಕರ್ನಾಟಕ ಸರ್ಕಾರ 2009ರಲ್ಲಿ ಜೈವಿಕ ಇಂಧನ ನೀತಿ ತಂದು ಬದು, ಬರಡು ಜಾಗಗಳಲ್ಲಿ ಹೊಂಗೆ, ಬೇವು, ಹಿಪ್ಪೆ ಬೆಳೆಸಿ ಅಂತ ಹೇಳಿತು.

ಇಂಥ ಸುದ್ದಿಗಳನ್ನು ಓದಿಯೇ ನಾನು ಒಂದು ತಪ್ಪು ಮಾಡಿದೆ. ಆಗ ಅಪ್ಪ ಬಾವಿ ನೀರೆತ್ತೋಕೆ 5 ಎಚ್‌ಪಿ ಎಂಜಿನ್ ಇಟ್ಟಿದ್ದರು, ಹ್ಯಾಂಡಲ್ ಹೊಡೆದು ಸ್ಟಾರ್ಟ್ ಮಾಡುವಂಥದ್ದು. ಗಾಣದಿಂದ ಹೊಂಗೆ ಎಣ್ಣೆ ತಂದು, ಪಂಚೆ ಬಟ್ಟೆಯಲ್ಲಿ ಒಂದು ಸಲ ಸೋಸಿ, ಹಾಗೇ ಟ್ಯಾಂಕಿಗೆ ಹುಯ್ದೆ. ಓಡಿತು! ನಿಜವಾಗ್ಲೂ ಓಡಿತು. ಹೊಗೆಯಲ್ಲಿ ಹಳೇ ದೀಪದ ವಾಸನೆ. ಒಂದು ತಿಂಗಳು ಊರಿನವರೆಲ್ಲ ಬಂದು ನೋಡಿಕೊಂಡು ಹೋದರು. ಆಮೇಲೆ ಬೆಳಗಿನ ಚಳಿಗೆ ಸ್ಟಾರ್ಟ್ ಆಗೋದು ಕಷ್ಟವಾಯಿತು, ಹ್ಯಾಂಡಲ್ ಹೊಡೆದು ಹೊಡೆದು ಅಪ್ಪನ ರಟ್ಟೆ ಬಿದ್ದುಹೋಗುತ್ತಿತ್ತು. ಹೊಗೆ ಕಪ್ಪಗಾಯಿತು. ಎರಡನೇ ತಿಂಗಳಲ್ಲಿ ಎಂಜಿನ್ ನಿಂತೇ ಹೋಯಿತು. ಮೇಸ್ತ್ರಿ ಬಂದು ನಾಜಲ್ ಬಿಚ್ಚಿ ಅಂಗೈ ಮೇಲೆ ಇಟ್ಟು ತೋರಿಸಿದ. ತುದಿಯ ಸುತ್ತ ಕಪ್ಪು ಕರಿ ಹೂವಿನ ಎಸಳಿನ ಹಾಗೆ ಕಟ್ಟಿಕೊಂಡಿತ್ತು, ಉಗುರಿನಲ್ಲಿ ಕೆರೆದರೂ ಬರಲಿಲ್ಲ. ಪಿಸ್ಟನ್ ರಿಂಗುಗಳು ಗೋಂದು ಹಚ್ಚಿದ ಹಾಗೆ ತಮ್ಮ ಸಂದಿನಲ್ಲೇ ಕಚ್ಚಿಕೊಂಡಿದ್ದವು. "ಏನಪ್ಪಾ ಕುಡಿಸಿದೆ ಇದಕ್ಕೆ?" ಅಂದ. ಅಪ್ಪ ಏನೂ ಅನ್ನಲಿಲ್ಲ. ಆ ವಾರ ಪಕ್ಕದ ತೋಟದವರ ನೀರಿನಲ್ಲಿ ನಮ್ಮ ಬೆಳೆ ಉಳಿಯಿತು.

ತಪ್ಪು ಎಲ್ಲಿತ್ತು? ಗಾಣದ ಹೊಂಗೆ ಎಣ್ಣೆ ಡೀಸೆಲ್‌ಗಿಂತ ಸುಮಾರು ಹತ್ತು ಪಟ್ಟು ಮಂದ. ನಾಜಲ್‌ನಿಂದ ಮಂಜಾಗಿ ಬರಬೇಕಾದ್ದು ದಪ್ಪ ಹನಿಯಾಗಿ ಬೀಳುತ್ತೆ. ದಪ್ಪ ಹನಿ ಪೂರ್ತಿ ಉರಿಯಲ್ಲ, ಅರ್ಧ ಬೆಂದು ಕರಿ ಕಟ್ಟುತ್ತೆ. ಇದನ್ನು ತಪ್ಪಿಸೋಕೇ ಎಣ್ಣೆಯನ್ನು ಬಯೋಡೀಸೆಲ್ ಮಾಡೋದು. ಎಣ್ಣೆ ಅಂದರೆ ಒಂದು ಗ್ಲಿಸರಿನ್ ಅಣುವಿಗೆ ಮೂರು ಉದ್ದನೆಯ ಕೊಬ್ಬಿನ ಬಾಲ ಅಂಟಿಕೊಂಡಿರೋದು. ಒಂದು ಲೀಟರ್ ಎಣ್ಣೆಗೆ ಸುಮಾರು 200 ಮಿಲಿ ಮೆಥನಾಲ್ (ಒಂದು ಬಗೆಯ ಆಲ್ಕೋಹಾಲ್), ಜೊತೆಗೆ ಸ್ವಲ್ಪ ಕ್ಷಾರ ಹಾಕಿ 60 ಡಿಗ್ರಿ ಬಿಸಿಯಲ್ಲಿ ಕಲಕಿದರೆ ಆ ಬಾಲಗಳು ಗ್ಲಿಸರಿನ್ ಬಿಟ್ಟು ಮೆಥನಾಲ್ ಜೊತೆ ಸೇರಿಕೊಳ್ಳುತ್ತವೆ. ರಾತ್ರಿ ಹಾಗೇ ಬಿಟ್ಟು ಬೆಳಗ್ಗೆ ನೋಡಿದರೆ ಗಾಜಿನ ಜಾಡಿಯಲ್ಲಿ ಎರಡು ಪದರ. ಕೆಳಗೆ ಕಾಕಂಬಿಯ ಹಾಗೆ ಕಪ್ಪಗೆ ಗ್ಲಿಸರಿನ್, ಮೇಲೆ ಜೇನಿನ ಬಣ್ಣದ ತಿಳಿ. ಆ ತಿಳಿಯನ್ನು ನೀರಲ್ಲಿ ತೊಳೆದು, ನೀರಿನಂಶ ಹೋಗುವ ಹಾಗೆ ಒಣಗಿಸಿದರೆ ಬಯೋಡೀಸೆಲ್. ಅದರ ಮಂದ ಡೀಸೆಲ್‌ಗೆ ಹತ್ತಿರ ಬಂದಿರುತ್ತೆ.

ಹೇಳುವಾಗ ಸುಲಭ ಅನಿಸುತ್ತೆ. ಹೊಂಗೆ ಎಣ್ಣೆಯಲ್ಲಿ, ಅದರಲ್ಲೂ ಹಳೇ ಬೀಜದ್ದಾದರೆ, ಹುಳಿ ಅಂಶ ಜಾಸ್ತಿ. ನೇರವಾಗಿ ಕ್ಷಾರ ಹಾಕಿದರೆ ಬಯೋಡೀಸೆಲ್ ಬದಲು ಸೋಪು ಆಗಿಬಿಡುತ್ತೆ. ಅದಕ್ಕೆ ಮೊದಲು ಆಸಿಡ್ ಹಾಕಿ ಒಂದು ಸುತ್ತು ಹುಳಿ ಕಳೆದು, ಆಮೇಲೆ ಕ್ಷಾರದ ಸುತ್ತು. ಮೆಥನಾಲ್ ವಿಷ, ಅದರ ಬೆಂಕಿ ಹಗಲಲ್ಲಿ ಕಣ್ಣಿಗೆ ಸರಿಯಾಗಿ ಕಾಣಿಸೋದೂ ಇಲ್ಲ. ದಯವಿಟ್ಟು ಇದನ್ನು ಅಡುಗೆಮನೆ ಒಲೆ ಮೇಲೆ ಮಾಡಬೇಡಿ. ಬೀಜ ಕೂಡಿಸಿ, ಎಣ್ಣೆ ತೆಗೆಸಿ, ಬಯೋಡೀಸೆಲ್ ಮಾಡುವ ಸಲಕರಣೆ ಇರುವ ಕಡೆ ಕೊಟ್ಟು ಮಾಡಿಸೋದೇ ಸರಿ.

ಹತ್ತು ಮರದ ಲೆಕ್ಕ ಹಾಕೋಣ. ಹೊಂಗೆ ಮರಗಳಲ್ಲಿ ವ್ಯತ್ಯಾಸ ಬಹಳ, ಒಂದು ಮರ 9 ಕೆಜಿ ಬೀಜ ಕೊಟ್ಟರೆ ಇನ್ನೊಂದು 90 ಕೆಜಿ ಕೊಡಬಹುದು. ಸರಾಸರಿ 20 ಕೆಜಿ ಅಂತ ಕಡಿಮೆಯೇ ಹಿಡಿಯಿರಿ, ಒಟ್ಟು 200 ಕೆಜಿ. ನಾಲ್ಕು ಕೆಜಿ ಬೀಜಕ್ಕೆ ಹತ್ತಿರ ಹತ್ತಿರ ಒಂದು ಲೀಟರ್ ಎಣ್ಣೆ. ಅಂದರೆ 50 ಲೀಟರ್. ಟ್ರ್ಯಾಕ್ಟರ್ ಎರಡು ದಿನ ಗಟ್ಟಿಯಾಗಿ ಉತ್ತರೆ ಮುಗಿದೇ ಹೋಯಿತು. ಆದರೆ 20 ಪರ್ಸೆಂಟ್ ಲೆಕ್ಕದಲ್ಲಿ ಡೀಸೆಲ್ ಜೊತೆ ಬೆರೆಸಿದರೆ 250 ಲೀಟರ್ ಮಿಶ್ರಣ ಆಗುತ್ತೆ. ಉಳಿದ ಹಿಂಡಿ ಒಳ್ಳೆ ಗೊಬ್ಬರ, ಅದರಲ್ಲಿ ನೈಟ್ರೋಜನ್ 4 ಪರ್ಸೆಂಟ್ ಆಸುಪಾಸು ಇರುತ್ತೆ. ಒಂದೇ ಮನೆಗೆ ಇದು ದೊಡ್ಡ ಉಳಿತಾಯ ಅಂತ ನಾನು ಹೇಳಲ್ಲ. ಆದರೆ ಊರಿನ ಬದುಗಳಲ್ಲಿ, ಕೆರೆ ಏರಿ ಮೇಲೆ, ರಸ್ತೆ ಬದಿಯಲ್ಲಿ ಎಷ್ಟು ಹೊಂಗೆ ಇದೆ ಅಂತ ಎಣಿಸಿ ನೋಡಿ. ಬಹುತೇಕ ಕಾಯಿ ಸುಮ್ನೆ ಕಾಲಡಿ ಬಿದ್ದು ಹೋಗುತ್ತಿದೆ. ದೇಶದಲ್ಲಿ 2030ರ ಹೊತ್ತಿಗೆ ಡೀಸೆಲ್‌ಗೆ 5 ಪರ್ಸೆಂಟ್ ಬಯೋಡೀಸೆಲ್ ಬೆರೆಸಬೇಕು ಅಂತ 2018ರ ರಾಷ್ಟ್ರೀಯ ನೀತಿಯಲ್ಲಿ ಗುರಿ ಇಟ್ಟಿದ್ದಾರೆ. ಆ ಎಣ್ಣೆ ಎಲ್ಲಿಂದ ಬರಬೇಕು? ಒಂದಿಷ್ಟು ನಮ್ಮ ಬದುಗಳಿಂದಲೇ ಬರಲಿ ಅನ್ನೋದು ನನ್ನ ಆಸೆ.

ಈಗ ಅಮೋನಿಯಾ ಯಾಕೆ ಶೆಡ್ಡಿಗೆ ಬೇಡ ಅಂದೆ ಅನ್ನೋದು.

ಕೋಲಾರ, ಚಿಕ್ಕಬಳ್ಳಾಪುರದ ಕಡೆ ಕೋಳಿ ಫಾರಂ ಇಟ್ಟವರಿಗೆ ಅಮೋನಿಯಾ ಹೊಸದೇನಲ್ಲ. ಚಳಿಗಾಲದಲ್ಲಿ ರಾತ್ರಿಯೆಲ್ಲ ಪರದೆ ಮುಚ್ಚಿಟ್ಟು ಬೆಳಗ್ಗೆ ಶೆಡ್ಡಿನ ಬಾಗಿಲು ತೆಗೆದಾಗ ಕಣ್ಣಿಗೆ ಚುಚ್ಚಿ, ಮೂಗು ಕಟ್ಟಿ, ಗಂಟಲು ಹಿಡಿಯುತ್ತಲ್ಲ, ಅದು ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಬರೀ 20, 30 ಪಾಲು ಅಮೋನಿಯಾ ಇದ್ದಾಗ ಆಗುವಂಥದ್ದು. ಹತ್ತು ಲಕ್ಷಕ್ಕೆ 300 ಪಾಲು ಆದರೆ ಅಲ್ಲಿ ನಿಲ್ಲುವುದೇ ಪ್ರಾಣಕ್ಕೆ ಅಪಾಯ ಅಂತ ಸುರಕ್ಷತಾ ನಿಯಮಗಳು ಹೇಳುತ್ತವೆ. ಎಂಜಿನ್‌ಗೆ ಬೇಕಾದ ಅಮೋನಿಯಾವನ್ನು ದ್ರವ ಮಾಡಿ ಟ್ಯಾಂಕಿನಲ್ಲಿ ಇಡಬೇಕು. ನಮ್ಮ ಬಿಸಿಲಿಗೆ ಆ ಟ್ಯಾಂಕಿನೊಳಗೆ ವಾತಾವರಣದ ಹತ್ತು ಪಟ್ಟಿಗಿಂತ ಜಾಸ್ತಿ ಒತ್ತಡ ಇರುತ್ತೆ. ಒಂದು ಪೈಪು ಸಡಿಲವಾದರೂ ಮನೆ, ಕೊಟ್ಟಿಗೆ ಎಲ್ಲ ಖಾಲಿ ಮಾಡಬೇಕಾಗುತ್ತೆ. ತಾಮ್ರ, ಹಿತ್ತಾಳೆಯನ್ನು ಅದು ತಿಂದುಹಾಕುತ್ತೆ, ನಮ್ಮ ಎಂಜಿನ್‌ಗಳಲ್ಲಿ ವಾಷರ್‌ನಿಂದ ಹಿಡಿದು ಫಿಟ್ಟಿಂಗ್‌ವರೆಗೆ ಇರೋದೇ ಅವು. ಡೈರಿಗಳಲ್ಲಿ, ಕೋಲ್ಡ್ ಸ್ಟೋರೇಜ್‌ಗಳಲ್ಲಿ ಅಮೋನಿಯಾ ವರ್ಷಗಟ್ಟಲೆ ಕೆಲಸ ಮಾಡುತ್ತಿದೆ ನಿಜ. ಅಲ್ಲಿ ಉಕ್ಕಿನ ಪೈಪು, ಸೋರಿಕೆ ಹಿಡಿಯುವ ಯಂತ್ರ, ತರಬೇತಿ ಆದ ಆಪರೇಟರ್ ಇರುತ್ತಾರೆ.

ಸೈಲೆನ್ಸರ್ ಕಡೆಯ ವಿಷಯ ಇನ್ನೂ ಸೂಕ್ಷ್ಮ. ಉರಿಯದೆ ಉಳಿದ ಅಮೋನಿಯಾ ಹೊಗೆಯ ಜೊತೆ ಹೊರಗೆ ಬರುತ್ತೆ. ಸ್ವಲ್ಪ ನೈಟ್ರಸ್ ಆಕ್ಸೈಡ್ ಆಗುತ್ತೆ. ಭೂಮಿ ಬಿಸಿ ಮಾಡೋದರಲ್ಲಿ ಇದು ಕಾರ್ಬನ್ ಡೈಆಕ್ಸೈಡ್‌ಗಿಂತ 270 ಪಟ್ಟು ಜೋರು. ಒಂದು ಲೀಟರ್ ಡೀಸೆಲ್ ಉರಿದರೆ ಸುಮಾರು 2.7 ಕೆಜಿ ಕಾರ್ಬನ್ ಡೈಆಕ್ಸೈಡ್ ಬರುತ್ತೆ ಅಲ್ವಾ, ಅದೇ ಕೇಡನ್ನು 10 ಗ್ರಾಂ ನೈಟ್ರಸ್ ಆಕ್ಸೈಡ್ ಮಾಡುತ್ತೆ. ಎರಡು ಚಮಚ ಸಕ್ಕರೆಯ ತೂಕ! ಅಂದರೆ ಡೀಸೆಲ್ ಉಳಿಸಿ ಬಂದ ಪುಣ್ಯವೆಲ್ಲ ಅಲ್ಲೇ ತೊಳೆದುಹೋಗಬಹುದು. ಹಾಗಾಗಿ ಇಂಥ ಎಂಜಿನ್‌ಗೆ ಹೊಗೆ ಶುದ್ಧ ಮಾಡುವ ಸಲಕರಣೆ ಇರಲೇಬೇಕು. ಹೊಸ ಬಿಎಸ್6 ಲಾರಿಗಳಿಗೆ ಡಿಇಎಫ್ ಅಂತ ಒಂದು ನೀರು ಹಾಕಿಸುತ್ತಾರಲ್ಲ, ಅದು 32.5 ಪರ್ಸೆಂಟ್ ಯೂರಿಯಾ ಇರುವ ಶುದ್ಧ ನೀರು. ಸೈಲೆನ್ಸರ್ ಬಿಸಿಗೆ ಅದರಿಂದ ಅಮೋನಿಯಾ ಹುಟ್ಟಿ, ಹೊಗೆಯಲ್ಲಿರುವ ನೈಟ್ರೋಜನ್ ಆಕ್ಸೈಡ್‌ಗಳನ್ನು ಮತ್ತೆ ನೈಟ್ರೋಜನ್, ನೀರು ಮಾಡುತ್ತೆ. ಬಹುಶಃ ಯೂರಿಯಾದಿಂದ ಲಾರಿ ಓಡುತ್ತೆ ಅನ್ನೋ ಮಾತು ಹುಟ್ಟಿದ್ದು ಇಲ್ಲಿಂದಲೇ. ಓಡಿಸೋದು ಡೀಸೆಲ್ಲು, ಯೂರಿಯಾ ಹೊಗೆ ತೊಳೆಯುತ್ತೆ. ಅದಕ್ಕೆ ಹೊಲದ ಯೂರಿಯಾ ಕಲಸಿ ಹಾಕುವವರೂ ಇದ್ದಾರೆ, ಹಾಗೆ ಮಾಡಿದರೆ ಆ ದುಬಾರಿ ಸಲಕರಣೆ ಕಟ್ಟಿಕೊಂಡು ಕೂರುತ್ತೆ.

ಪಾವಗಡದ ಸೋಲಾರ್ ಪಾರ್ಕ್ ನೋಡಿದವರು ಇನ್ನೊಂದು ಪ್ರಶ್ನೆ ಕೇಳುತ್ತಾರೆ. 13,000 ಎಕರೆ, 2,050 ಮೆಗಾವ್ಯಾಟ್, ಇಷ್ಟು ಬಿಸಿಲಿನ ಕರೆಂಟ್ ಇದೆಯಲ್ಲ, ಅದರಿಂದ ಅಮೋನಿಯಾ ಮಾಡಬಹುದಲ್ವಾ ಅಂತ. ಮಾಡಬಹುದು. ಈಗ ಅಮೋನಿಯಾ ಹೆಚ್ಚಾಗಿ ನೈಸರ್ಗಿಕ ಅನಿಲ, ಕಲ್ಲಿದ್ದಲಿನಿಂದಲೇ ತಯಾರಾಗುತ್ತೆ, ಹಾಗೆ ಮಾಡಿದ್ದನ್ನು ಎಂಜಿನ್‌ನಲ್ಲಿ ಉರಿಸಿದರೆ ಪರಿಸರಕ್ಕೆ ಏನೂ ಲಾಭವಿಲ್ಲ. ಕರೆಂಟ್‌ನಿಂದ ನೀರು ಒಡೆದು ಹೈಡ್ರೋಜನ್ ತೆಗೆದು, ಅದನ್ನು ಗಾಳಿಯ ನೈಟ್ರೋಜನ್ ಜೊತೆ ಸೇರಿಸಿದರೆ ಹಸಿರು ಅಮೋನಿಯಾ. ಕೇಂದ್ರ ಸರ್ಕಾರ 2023ರ ಜನವರಿಯಲ್ಲಿ ಒಪ್ಪಿದ ರಾಷ್ಟ್ರೀಯ ಹಸಿರು ಹೈಡ್ರೋಜನ್ ಮಿಷನ್‌ನ ದಾರಿ ಇದೇ. ಆದರೆ ಲೆಕ್ಕ ನೋಡಿ. ಒಂದು ಕೆಜಿ ಹಸಿರು ಅಮೋನಿಯಾಕ್ಕೆ ಸುಮಾರು 10 ಯೂನಿಟ್ ಕರೆಂಟ್ ಬೇಕು. ಒಂದು ಲೀಟರ್ ಡೀಸೆಲ್‌ನ ಶಕ್ತಿಗೆ 1.9 ಕೆಜಿ ಅಮೋನಿಯಾ, ಅಂದರೆ ಮೂರು ಲೀಟರಿನಷ್ಟು ಜಾಗ, 19 ಯೂನಿಟ್. ಒಂದು ಲೀಟರ್ ಡೀಸೆಲ್‌ಗೆ 5 ಎಚ್‌ಪಿ ಎಂಜಿನ್ ಒಂದು ಗಂಟೆ ಆಸುಪಾಸು ಓಡುತ್ತೆ. ಅದೇ 19 ಯೂನಿಟ್ ಅನ್ನು ನೇರವಾಗಿ 5 ಎಚ್‌ಪಿ ಮೋಟರ್‌ಗೆ ಕೊಟ್ಟರೆ ನಾಲ್ಕು ಗಂಟೆ ನೀರೆತ್ತುತ್ತೆ! ತಂತಿ ಎಳೆಯೋಕೆ ಆಗುವ ಜಾಗದಲ್ಲಿ, ಸೋಲಾರ್ ಪಂಪ್ ಕೂರಿಸೋಕೆ ಆಗುವ ಜಾಗದಲ್ಲಿ ಅಮೋನಿಯಾ ಸುತ್ತುಬಳಸಿನ ದಾರಿ. ಜೊತೆಗೆ ಪಾವಗಡದಂಥ ಬರದ ಸೀಮೆಯಲ್ಲಿ ಒಂದು ಟನ್ ಅಮೋನಿಯಾಕ್ಕೆ ಹೈಡ್ರೋಜನ್ ತೆಗೆಯೋಕೇ ಕನಿಷ್ಠ 1,600 ಲೀಟರ್ ಶುದ್ಧ ನೀರು ಬೇಕು ಅನ್ನೋದನ್ನೂ ಮರೆಯೋ ಹಾಗಿಲ್ಲ.

ಹಾಗಾದರೆ ಅಮೋನಿಯಾ ಯಾರಿಗೆ? ಹಡಗುಗಳಿಗೆ. ವಾರಗಟ್ಟಲೆ ಸಮುದ್ರದಲ್ಲಿ ಇರುವ ಹಡಗಿಗೆ ತಂತಿ ಎಳೆಯೋಕಾಗಲ್ಲ, ಬ್ಯಾಟರಿ ಸಾಲಲ್ಲ. 2024ರಲ್ಲಿ ಜಪಾನಿನಲ್ಲಿ ಸಾಕಿಗಾಕೆ ಅನ್ನುವ ಟಗ್ ದೋಣಿ (ದೊಡ್ಡ ಹಡಗುಗಳನ್ನು ಎಳೆಯುವಂಥದ್ದು) ಅಮೋನಿಯಾ ಎಂಜಿನ್ ಹಾಕಿಕೊಂಡು ಕೆಲಸಕ್ಕೆ ಇಳಿಯಿತು. ಯುದ್ಧದ ಕಾಲದಲ್ಲಿ, 1943ರಲ್ಲಿ, ಡೀಸೆಲ್ ಸಿಗದೆ ಬೆಲ್ಜಿಯಂನವರು ಬಸ್ಸುಗಳನ್ನೂ ಅಮೋನಿಯಾದಲ್ಲಿ ಓಡಿಸಿದ್ದರು, ಅದು ಹೊತ್ತಿಕೊಳ್ಳೋಕೆ ಜೊತೆಗೆ ಕಲ್ಲಿದ್ದಲ ಅನಿಲ ಬೆರೆಸುತ್ತಿದ್ದರು. ಆಗಲೂ ಹಸಿ ಸೌದೆಗೆ ಗರಿ ಬೇಕೇ ಬೇಕಾಯಿತು.

ಒಂದು ವಿಷಯ ನನಗೆ ಯಾವಾಗಲೂ ಬೆರಗು. ಅಮೋನಿಯಾ ಕಾರ್ಖಾನೆಯಲ್ಲಿ 400 ಡಿಗ್ರಿಗಿಂತ ಜಾಸ್ತಿ ಬಿಸಿ, ವಾತಾವರಣದ ನೂರಕ್ಕೂ ಮೀರಿದ ಪಟ್ಟು ಒತ್ತಡ ಕೊಟ್ಟು ಮಾಡುವ ಕೆಲಸವನ್ನು ನಿಮ್ಮ ಬದುವಿನ ಹೊಂಗೆಯ ಬೇರು ಸದ್ದಿಲ್ಲದೆ ಮಾಡುತ್ತಿದೆ. ಅದು ಅವರೆ, ತೊಗರಿಯ ಕುಲದ ಮರ. ಬೇರಿನ ಗಂಟುಗಳಲ್ಲಿರುವ ಬ್ಯಾಕ್ಟೀರಿಯಾ ಗಾಳಿಯ ನೈಟ್ರೋಜನ್ ಹಿಡಿದು ಮೊದಲು ಮಾಡೋದು ಅಮೋನಿಯಾವನ್ನೇ. ಎಳೆ ಗಿಡ ಕಿತ್ತು ಬೇರು ನೋಡಿದರೆ ಸಾಸಿವೆ ಕಾಳಿನಿಂದ ಹಿಡಿದು ಕಡಲೆ ಗಾತ್ರದವರೆಗಿನ ಗಂಟುಗಳು ಸಿಗುತ್ತವೆ. ಒಂದೇ ಮರದ ಮೇಲೆ ಎಣ್ಣೆ, ಕೆಳಗೆ ಅಮೋನಿಯಾ.

ಸರಿ, ನಿಮ್ಮ ಎಂಜಿನ್‌ಗೆ ಬರೋಣ. ಶಿವರಾತ್ರಿಯಿಂದ ಯುಗಾದಿವರೆಗೆ ಕಾಯಿ ಆಯ್ದು ಚೆನ್ನಾಗಿ ಒಣಗಿಸಿ, ಹಸಿ ಇಟ್ಟರೆ ಬೂಷ್ಟು ಹಿಡಿದು ಹುಳಿ ಏರುತ್ತೆ. ಹೊರಗಿಂದ ಬಯೋಡೀಸೆಲ್ ಕೊಳ್ಳುವುದಾದರೆ ಐಎಸ್ 15607 ಗುಣಮಟ್ಟಕ್ಕೆ ಪರೀಕ್ಷೆ ಆಗಿದೆಯಾ ಅಂತ ಕೇಳಿ, ಆ ಹೆಸರಲ್ಲಿ ಬೇರೇನೋ ಮಾರುವವರೂ ಇದ್ದಾರೆ. ಸಣ್ಣ ಪರೀಕ್ಷೆ ಮನೆಯಲ್ಲೇ ಮಾಡಬಹುದು: ಅರ್ಧ ಬಾಟಲಿ ಬಯೋಡೀಸೆಲ್, ಅರ್ಧ ಬಾಟಲಿ ನೀರು ಹಾಕಿ ಜೋರಾಗಿ ಕುಲುಕಿ ಅರ್ಧ ಗಂಟೆ ಬಿಡಿ. ಎರಡೂ ಬೇರೆಯಾಗಿ ತಿಳಿಯಾದರೆ ಪರವಾಗಿಲ್ಲ, ನಡುವೆ ಮಜ್ಜಿಗೆ ಹಾಗೆ ಬೆಳ್ಳಗೆ ನಿಂತರೆ ಸೋಪು ಉಳಿದಿದೆ ಅಂತ, ವಾಪಸ್ ಕೊಡಿ. ಮೊದಲು ಹಳೇ ಎಂಜಿನ್‌ಗೆ 10 ಪರ್ಸೆಂಟ್ ಬೆರೆಸಿ ಶುರು ಮಾಡಿ, ಸರಿಹೋದರೆ 20ಕ್ಕೆ ಹೋಗಿ, ಅಲ್ಲಿಗೆ ನಿಲ್ಲಿಸಿ. ಟ್ರ್ಯಾಕ್ಟರ್ ವಾರಂಟಿಯಲ್ಲಿ ಇದ್ದರೆ ಕಂಪನಿಯವರನ್ನು ಕೇಳದೆ ಬೆರೆಸಬೇಡಿ. ರಬ್ಬರ್ ಪೈಪು ಹಳೇದಾಗಿದ್ದರೆ ಬದಲಾಯಿಸಿ, ಬಯೋಡೀಸೆಲ್ ಅದನ್ನು ಮೆತ್ತಗೆ ಮಾಡುತ್ತೆ. ತಿಂಗಳುಗಟ್ಟಲೆ ಟ್ಯಾಂಕಿನಲ್ಲಿ ಇಡಬೇಡಿ, ಹಳಸುತ್ತೆ. ಇನ್ನೊಂದು, ವರ್ಷಾನುಗಟ್ಟಲೆ ಟ್ಯಾಂಕಿನ ತಳದಲ್ಲಿ ಕೂತ ಕೊಳೆಯನ್ನು ಬಯೋಡೀಸೆಲ್ ಕಿತ್ತು ಎಬ್ಬಿಸುತ್ತೆ. ಮೊದಲ ಕೆಲವು ದಿನದಲ್ಲೇ ಎಂಜಿನ್ ದಮ್ಮು ಕಟ್ಟಿದ ಹಾಗೆ ಆದರೆ ಹೆದರಬೇಡಿ, ಫಿಲ್ಟರ್ ಬಿಚ್ಚಿ ನೋಡಿ, ಕಟ್ಟಿರುತ್ತೆ. ಒಂದು ಹೊಸ ಫಿಲ್ಟರ್ ಮೊದಲೇ ತಂದಿಟ್ಟುಕೊಂಡಿರಿ.